ಮಲ್ಪುರಾದ ಬಯಲಿಗೆ ಇಳಿಯುವವರು

ಬೆಂಗಳೂರಿನಿಂದ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಮೊರೇನಾವನ್ನು ಹಿಂದಿಕ್ಕಿ ಚಂಬಲ್ ನದಿಯ ಸೇತುವೆಯನ್ನು ದಾಟುವಾಗ ಎರಡು ದಡಗಳಲ್ಲಿಯೂ ಮಳೆಯ ನೀರು ಕೊರೆದಿಟ್ಟ ಕಂದರಗಳು ಕಾಣುತ್ತವೆ. ಒಂದು ಕಾಲದಲ್ಲಿ ಡಕಾಯಿತರ ಹೆಸರು ಹೇಳಿ ಮಕ್ಕಳನ್ನು ಹೆದರಿಸುತ್ತಿದ್ದ ನೆಲ ಅದು. ಧೋಲಪುರ ಕಳೆದ ಮೇಲೆ ಆ ಕೊರಕಲುಗಳು ಕ್ರಮೇಣ ಅಡಗಿ, ಆಗ್ರಾದ ವರೆಗೆ ಬಹುಮಟ್ಟಿಗೆ ಬಯಲೇ ಬಯಲು. ಚಳಿಗಾಲದಲ್ಲಾದರೆ ಸಾಸಿವೆಯ ಹಳದಿ, ಗೋಧಿಯ ಹಸುರು, ಆಲೂಗಡ್ಡೆಯ ಸಾಲುಗಳು, ಬೇಸಗೆಯಲ್ಲಾದರೆ ಧೂಳು. ಕಿಟಕಿಯ ಬಳಿ ಕುಳಿತವನ ಕಣ್ಣೆದುರು ತಂತಿಗಳು ಬಾಗುತ್ತ, ಏರುತ್ತ, ಕಂಬದಿಂದ ಕಂಬಕ್ಕೆ ನೆಗೆಯುತ್ತ ಗಾಡಿಯೊಡನೆ ಓಡಿ ಬರುತ್ತವೆ. ಅವುಗಳನ್ನು ಯಾರೂ ನೋಡುವುದಿಲ್ಲ. ಆಗ್ರಾ ಸಮೀಪಿಸಿತೆಂದರೆ ಎಲ್ಲರ ಕತ್ತುಗಳೂ ಒಂದು ಬಿಳಿಯ ಗುಮ್ಮಟಕ್ಕಾಗಿ ಹೊರಳುತ್ತವೆ.

ಆದರೆ ಆಗ್ರಾದಲ್ಲಿ ಇಳಿಯುವವರಲ್ಲಿ ಇನ್ನೊಂದು ವರ್ಗದವರಿದ್ದಾರೆ. ಅವರು ಇಳಿಯುವುದು ರೈಲಿನಿಂದಲ್ಲ, ವಿಮಾನದಿಂದ; ವಿಮಾನವು ನೆಲವನ್ನು ಮುಟ್ಟುವ ಮೊದಲೇ, ಅದರ ತೆರೆದ ಬಾಗಿಲಿನಿಂದ. ಅವರಿಗೆ ಆ ಕ್ಷಣದಲ್ಲಿ ತಾಜಮಹಲು ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಕಾಣಲೇಬೇಕಾದುದು ರೈಲಿನ ಪ್ರಯಾಣಿಕರು ಯಾರೂ ನೋಡದ ಆ ಕರೆಂಟು ಕಂಬ ಮತ್ತು ತಂತಿ.

ನಗರದ ನೈಋತ್ಯ ದಿಕ್ಕಿನಲ್ಲಿ ವಾಯುಪಡೆಯ ಖೇರಿಯಾ ವಿಮಾನ ನಿಲ್ದಾಣವಿದೆ. ಭಾರತದ ಪ್ಯಾರಾಚೂಟ್ ಯೋಧರೆಲ್ಲ ಹಾರುವುದನ್ನು ಕಲಿಯುವ ಶಾಲೆ ಆಗ್ರಾದಲ್ಲಿಯೇ ಇದೆ. ಶಾಲೆ ವಾಯುಪಡೆಯದು, ಶಿಷ್ಯರು ಹೆಚ್ಚಾಗಿ ಭೂಸೇನೆಯವರು, ಉಳಿದಂತೆ ನೌಕಾದಳದವರು, ವಾಯುಪಡೆಯವರು. ಈ ವಿದ್ಯೆಯ ಹುಟ್ಟು ಆಗ್ರಾದಲ್ಲಿ ಆಗಲಿಲ್ಲ. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ದೆಹಲಿಯ ವಿಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ ಇದಕ್ಕೊಂದು ಶಾಲೆ ತೆರೆಯಿತು. ಅದೇ ವರ್ಷ ವೈದ್ಯಾಧಿಕಾರಿ ಎ. ಜಿ. ರಂಗರಾಜ್ ಮತ್ತು ಹವಿಲ್ದಾರ್ ಮಥುರಾ ಸಿಂಗ್ ಎಂಬಿಬ್ಬರು ಪ್ಯಾರಾಚೂಟಿನಿಂದ ಜಿಗಿದ ಮೊದಲ ಭಾರತೀಯ ಸೈನಿಕರೆನಿಸಿಕೊಂಡರು. ಮರು ವರ್ಷ ಶಾಲೆ ರಾವಲ್ಪಿಂಡಿಯ ಬಳಿಯ ಚಕ್ಲಾಲಾಕ್ಕೆ ಹೋಯಿತು. ದೇಶ ಒಡೆದಾಗ ಚಕ್ಲಾಲಾ ಗಡಿಯ ಆಚೆ ಉಳಿದುಹೋಯಿತು. ಭಾರತ ಹೊಸದಾಗಿ ಆಗ್ರಾದಲ್ಲಿ ಪಾಠ ಆರಂಭಿಸಿತು. ಇದೇ ರಂಗರಾಜ್ ಮುಂದೆ ಕೊರಿಯಾದ ಯುದ್ಧದಲ್ಲಿ 60ನೆಯ ಪ್ಯಾರಾ ಫೀಲ್ಡ್ ಆ್ಯಂಬುಲೆನ್ಸಿನ ಮುಖ್ಯಸ್ಥರಾಗಿ, 1951ರ ಮಾರ್ಚ್ 23ರಂದು ಮುನ್ಸಾನ್ ಎಂಬಲ್ಲಿ ಅಮೆರಿಕದ ಸೈನಿಕರೊಡನೆ ಆಕಾಶದಿಂದ ಇಳಿದು ಗಾಯಾಳುಗಳ ಶುಶ್ರೂಷೆ ಮಾಡಿದರು. ಶಸ್ತ್ರವೈದ್ಯನೊಬ್ಬ ಔಷಧದ ಪೆಟ್ಟಿಗೆಗಳೊಡನೆ ಮೋಡದಿಂದ ಇಳಿದು ಬಂದುದು ನಮ್ಮ ಸೇನೆಯ ಚರಿತ್ರೆಯ ಸೊಗಸಾದ ಪುಟಗಳಲ್ಲೊಂದು.

ಬೆಂಗಳೂರಿಗೂ ಈ ಬಯಲಿಗೂ ಹತ್ತಿರದ ನಂಟು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ. ಅಲ್ಲಿ ಓಡಿ, ಹತ್ತಿ, ಬೆವರು ಸುರಿಸಿ ಗಟ್ಟಿಯಾದ ಹುಡುಗರು ರೆಕ್ಕೆಯ ಬಿಲ್ಲೆಯನ್ನು ಎದೆಯ ಮೇಲೆ ಧರಿಸಬೇಕಾದರೆ ಆಗ್ರಾಕ್ಕೆ ಬಂದು ಐದು ಸಲ ಜಿಗಿಯಬೇಕು. ಅದರಲ್ಲಿ ಒಂದು ರಾತ್ರಿಯ ಜಿಗಿತ. 2015ರ ಆಗಸ್ಟಿನಲ್ಲಿ ಕ್ರಿಕೆಟ್ ನಾಯಕ ಮಹೇಂದ್ರ ಸಿಂಗ್ ಧೋನಿ ಇಲ್ಲಿಯೇ ಆ ಐದು ಜಿಗಿತಗಳನ್ನು ಮುಗಿಸಿದಾಗ ದೇಶಕ್ಕೆಲ್ಲ ಈ ಜಾಗದ ಹೆಸರು ಒಂದು ವಾರದ ಮಟ್ಟಿಗೆ ಪರಿಚಿತವಾಯಿತು. ಅವರಿಗೆ ಗೌರವ ಪದವಿ ಕೊಟ್ಟಿದ್ದ ಪ್ರಾದೇಶಿಕ ಸೇನೆಯ 106ನೆಯ ಪ್ಯಾರಾ ದಳದ ನೆಲೆಯೂ ಬೆಂಗಳೂರೇ.

ಆ ಜಾಗದ ಹೆಸರು ಮಲ್ಪುರಾ. ನೋಡಲು ಹೋದರೆ ಅಲ್ಲಿ ನೋಡುವಂಥದೇನೂ ಇಲ್ಲ. ವಿಶಾಲವಾದ ಬಯಲು, ಅದರ ಅಂಚಿನಲ್ಲಿ ಹೊಲಗಳು, ಹೊಲಗಳ ಆಚೆ ಹಳ್ಳಿಗಳು, ರಸ್ತೆಗಳು. ಆಗ್ರಾ ಜಿಲ್ಲೆ ಆಲೂಗಡ್ಡೆಯ ಬೇಸಾಯಕ್ಕೆ ಪ್ರಸಿದ್ಧ. ಹೊಲದ ಮೂಲೆಯಲ್ಲೊಂದು ಕೊಳವೆ ಬಾವಿ, ಅದಕ್ಕೊಂದು ಪಂಪ್‌ಸೆಟ್ಟಿನ ಮನೆ, ಆ ಮನೆಗೊಂದು ತಂತಿ. ಈ ತಂತಿ ಇಲ್ಲದಿದ್ದರೆ ಬೆಳೆಯಿಲ್ಲ. ವಿಮಾನದ ಸದ್ದು ಕೇಳಿ ಹುಡುಗರು ತಲೆಯೆತ್ತುತ್ತಾರೆ. ಒಂದಾದ ಮೇಲೊಂದು ಕೊಡೆ ಅರಳುತ್ತದೆ. ದಿನದಿನವೂ ನಡೆಯುವ ಈ ನೋಟಕ್ಕೆ ಹಿರಿಯರು ಗುದ್ದಲಿಯನ್ನು ಕೆಳಗಿಡುವುದೂ ಇಲ್ಲ. ರೈತನ ತಂತಿ, ಯೋಧನ ಕೊಡೆ ಎರಡೂ ಒಂದೇ ಆಕಾಶದಲ್ಲಿ ಸ್ಥಳ ಕೇಳುತ್ತವೆ. ಮಲ್ಪುರಾದ ಕಥೆಯೆಲ್ಲ ಇಷ್ಟರಲ್ಲಿಯೇ ಇದೆ.

ಮೇಲಿನಿಂದ ಬರುವವನಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಹೊಸಬರನ್ನು ಸುಮಾರು 1250 ಅಡಿ, ಅಂದರೆ 380 ಮೀಟರು ಎತ್ತರದಿಂದ ಜಿಗಿಸುತ್ತಾರೆ. ವಿಮಾನಕ್ಕೆ ಕಟ್ಟಿದ ಪಟ್ಟಿಯೊಂದು ಕೊಡೆಯನ್ನು ತಾನಾಗಿ ಎಳೆದು ಬಿಚ್ಚುತ್ತದೆ. ದುಂಡು ಕೊಡೆ ಅರಳಿದ ಮೇಲೆ ಸೆಕೆಂಡಿಗೆ ಐದು ಮೀಟರಿನಷ್ಟು ಇಳಿಯುತ್ತದೆ ಎಂದಿಟ್ಟುಕೊಂಡರೂ ಆಕಾಶದಲ್ಲಿರುವ ಅವಧಿ ಒಂದು ನಿಮಿಷಕ್ಕೆ ತುಸು ಹೆಚ್ಚು. ಒಂದು ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು. ಸೆಕೆಂಡಿಗೆ ಐದು ಮೀಟರಿನ ಗಾಳಿ ಬೀಸುತ್ತಿದ್ದರೆ, ಅದು ಊರವರ ಲೆಕ್ಕದಲ್ಲಿ ಬರಿಯ ತಂಗಾಳಿ, ಕೊಡೆ ಎಷ್ಟು ಕೆಳಗಿಳಿಯುತ್ತದೆಯೋ ಅಷ್ಟೇ ದೂರ ಪಕ್ಕಕ್ಕೂ ಸರಿಯುತ್ತದೆ. 350 ಮೀಟರು ಇಳಿಯುವಷ್ಟರಲ್ಲಿ 350 ಮೀಟರು ಪಕ್ಕಕ್ಕೆ. ವಿಮಾನವೂ ನಿಂತಿರುವುದಿಲ್ಲವಷ್ಟೆ. ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಸಾಗುವ ವಿಮಾನದ ಬಾಗಿಲಲ್ಲಿ ಒಬ್ಬನು ಒಂದು ಸೆಕೆಂಡು ತಡೆದರೆ ನೆಲದ ಮೇಲೆ ಸುಮಾರು 60 ಮೀಟರಿನ ವ್ಯತ್ಯಾಸ. ಸಾಲಿನ ಮೊದಲನೆಯವನು ಬಯಲಿನ ನಡುವೆ ಇಳಿದರೆ ಇಪ್ಪತ್ತನೆಯವನು ಒಂದು ಕಿಲೋಮೀಟರಿಗೂ ಆಚೆ, ಹೊಲದ ಅಂಚಿನಲ್ಲಿ ಇಳಿಯಬಹುದು. ವಿಮಾನ ಯಾವ ದಿಕ್ಕಿನಿಂದ ಬರಬೇಕು, ಎಲ್ಲಿ ಹಸುರು ದೀಪ ಹೊತ್ತಬೇಕು ಎಂಬುದನ್ನು ಗಾಳಿ ನೋಡಿಯೇ ನಿರ್ಣಯಿಸುತ್ತಾರೆ. ನಿರ್ಣಯ ಮುಗಿದ ಮೇಲೆ ಗಾಳಿ ದಿಕ್ಕು ಬದಲಿಸಬಾರದೆಂಬ ಕರಾರು ಮಾತ್ರ ಯಾವ ಕಾಗದದಲ್ಲಿಯೂ ಇಲ್ಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಮೇಲಿನಿಂದ ನೋಡುವ ನೆಲಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಸಾವಿರ ಅಡಿಯಿಂದ ಮಲ್ಪುರಾದ ಸುತ್ತಲ ನೆಲ ಹಾಸಿಟ್ಟ ಕೌದಿಯಂತೆ ಕಾಣುತ್ತದೆ. ಮರ ಕಾಣುತ್ತದೆ, ಮನೆ ಕಾಣುತ್ತದೆ, ನೀರು ಹೊಳೆಯುತ್ತದೆ. ತಂತಿ ಕಾಣುವುದಿಲ್ಲ. ಇದರಲ್ಲಿ ಕಣ್ಣಿನ ದೋಷವೇನೂ ಇಲ್ಲ. ಮನುಷ್ಯನ ಕಣ್ಣು ಸಾಮಾನ್ಯವಾಗಿ ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. ಎರಡು ಸೆಂಟಿಮೀಟರು ದಪ್ಪದ ತಂತಿ ಎಪ್ಪತ್ತು ಮೀಟರು ದೂರದಲ್ಲಿ ಈ ಮಿತಿಯನ್ನು ಮುಟ್ಟುತ್ತದೆ. ಆಕಾಶದ ಬೆಳಕಿಗೆ ಎದುರಾಗಿ ನೋಡಿದರೆ ಇದಕ್ಕಿಂತ ಎಷ್ಟೋ ದೂರದಿಂದ ಅದೇ ತಂತಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ; ರೈಲಿನ ಕಿಟಕಿಯಿಂದ ಅಷ್ಟು ಸ್ಪಷ್ಟವಾಗಿ ಕಂಡುದು ಹಾಗೆಯೇ. ಮೇಲಿನಿಂದ ನೋಡುವವನಿಗೆ ಅದರ ಹಿಂದೆ ಆಕಾಶವಿಲ್ಲ, ಮಣ್ಣಿದೆ. ಬಿಸಿಲು ಮಳೆಗೆ ಸಿಕ್ಕಿ ಮಾಸಿದ ಅಲ್ಯುಮಿನಿಯಮ್ಮಿನ ಬಣ್ಣ, ಉತ್ತ ಮಣ್ಣಿನ ಬಣ್ಣ, ಒಣಗಿದ ಕೂಳೆಯ ಬಣ್ಣ, ಎಲ್ಲ ಒಂದರಲ್ಲೊಂದು ಕರಗಿಹೋಗುತ್ತವೆ. ಎಪ್ಪತ್ತು ಮೀಟರನ್ನು ಸೆಕೆಂಡಿಗೆ ಐದರಂತೆ ಇಳಿಯಲು ಬೇಕಾದುದು ಹದಿನಾಲ್ಕು ಸೆಕೆಂಡು. ಹಳ್ಳಿಗೆ ಹೋಗುವ 11 ಸಾವಿರ ವೋಲ್ಟಿನ ತಂತಿ ಅನೇಕ ಕಡೆ ಕಿರುಬೆರಳಿಗಿಂತಲೂ ತೆಳು, ಎಂಟು ಮಿಲಿಮೀಟರಿನಷ್ಟು. ಅದು ಬಿಡಿಯಾಗಿ ಕಾಣುವುದು ಇಪ್ಪತ್ತೇಳು ಇಪ್ಪತ್ತೆಂಟು ಮೀಟರಿನೊಳಗೆ ಬಂದಾಗ. ಆಗ ಉಳಿದಿರುವುದು ಐದೋ ಆರೋ ಸೆಕೆಂಡು.

ವೇದಾಂತಿಗಳು ಹಗ್ಗವನ್ನು ಹಾವೆಂದು ಬೆದರಿದವನ ದೃಷ್ಟಾಂತವನ್ನು ಮತ್ತೆ ಮತ್ತೆ ಕೊಡುತ್ತಾರೆ. ಇಲ್ಲಿ ಆ ದೃಷ್ಟಾಂತ ತಿರುವುಮುರುವಾಗಿದೆ. ನಿಜವಾದ ಹಾವೇ ಇದೆ. ಹಗ್ಗವೆಂದು ಕೂಡ ತೋರುವುದಿಲ್ಲ.

ಆದುದರಿಂದ ಜಿಗಿಯುವವರಿಗೆ ಹೇಳಿಕೊಡುವ ಮೊದಲ ಮಾತು ವಿಚಿತ್ರವಾಗಿ ಕೇಳಿಸುತ್ತದೆ: ತಂತಿಯನ್ನು ಹುಡುಕಬೇಡ, ಕಂಬವನ್ನು ಹುಡುಕು. ವ್ಯಾಕರಣದಲ್ಲಿ ಅಧ್ಯಾಹಾರವೆಂಬ ಮಾತಿದೆ. ವಾಕ್ಯದಲ್ಲಿ ಬಾಯಿಬಿಟ್ಟು ಹೇಳದ ಪದವನ್ನು ಅರ್ಥದ ಬಲದಿಂದ ಓದುಗನೇ ತುಂಬಿಕೊಳ್ಳುವುದು. ಮಲ್ಪುರಾದ ಆಕಾಶದಲ್ಲಿ ತೇಲುವವನು ಮಾಡಬೇಕಾದುದು ಇದೇ. ಎರಡು ಕಂಬಗಳು ಕಂಡರೆ ನಡುವೆ ತಂತಿಯನ್ನು ಅಧ್ಯಾಹಾರ ಮಾಡಿಕೊಳ್ಳಬೇಕು. ರಸ್ತೆ ಕಂಡರೆ ಅದರ ಮಗ್ಗುಲಲ್ಲಿ ತಂತಿ ಇದ್ದೇ ಇದೆ ಎಂದುಕೊಳ್ಳಬೇಕು. ಮನೆ ಕಂಡರೆ ಅದಕ್ಕೊಂದು ತಂತಿ ಎಲ್ಲಿಂದಲೋ ಬಂದಿರಲೇಬೇಕು. ಮೊಬೈಲ್ ಗೋಪುರ ಕಂಡರೆ ಅದರ ಬುಡದಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯೆಂದೇ ತಿಳಿಯಬೇಕು. ರೈಲು ಹಳಿಯ ಮೇಲೆ 25 ಸಾವಿರ ವೋಲ್ಟಿನ ತಂತಿ ಹಳಿಯುದ್ದಕ್ಕೂ ನೇತಾಡುತ್ತಿರುತ್ತದೆ. ಮರಗಳ ತೋಪಿನ ನಡುವೆ ಯಾರೋ ಗೀಟು ಹಾಕಿ ಕತ್ತರಿಸಿದಂತೆ ನೇರವಾದ ಓಣಿ ಕಂಡರೆ, ಅದು ಇಳಿಯಲು ಪ್ರಶಸ್ತವಾದ ಜಾಗವೆಂದು ಹಿಗ್ಗಬಾರದು. ತಂತಿಗೆ ಮರ ತಾಗದಿರಲೆಂದು ಕಡಿದು ಮಾಡಿದ ದಾರಿ ಅದಾಗಿರಬಹುದು.

ಎಲ್ಲಕ್ಕಿಂತ ಮೋಸಗಾರನೆಂದರೆ ಹೊಲದ ನಡುವಿನ ಒಂಟಿ ಪಂಪಿನ ಮನೆ. ದೊಡ್ಡ ಗೋಪುರಗಳ ಸಾಲನ್ನು ಹೊಸಬನೂ ಗುರುತಿಸಬಲ್ಲ. ಪಂಪಿನ ಮನೆಗೆ ಬರುವ ತಂತಿಯಾದರೋ ಎಲ್ಲಿಯೋ ಮುಖ್ಯ ಸಾಲಿನಿಂದ ಕವಲೊಡೆದು, ಎರಡು ಮೂರು ಕಂಬಗಳನ್ನು ಹಿಡಿದು, ಬದುವಿನ ಮರವೊಂದರ ನೆರಳಿನಲ್ಲಿ ಅಡಗಿ ಬಂದಿರುತ್ತದೆ. ಬಯಲು ಖಾಲಿಯಾಗಿದೆ ಎಂಬ ಧೈರ್ಯದಿಂದ ಅತ್ತ ತಿರುಗಿದವನಿಗೆ ಕೊನೆಯ ಕ್ಷಣದಲ್ಲಿ ಅದು ಎದುರಾಗುತ್ತದೆ. ರೈತ ಎಲ್ಲಿ ನೀರು ತೆಗೆಯುತ್ತಾನೆ, ಎಲ್ಲಿ ಇಟ್ಟಿಗೆ ಸುಡುತ್ತಾರೆ, ಊರಿನ ಹಿಟ್ಟಿನ ಗಿರಣಿ ಎಲ್ಲಿದೆ ಎಂಬುದನ್ನು ಬಲ್ಲವನು ತಂತಿ ಎಲ್ಲಿದೆ ಎಂಬುದನ್ನೂ ಬಲ್ಲ. ಆಕಾಶದಿಂದ ಬರುವವನು ಊರಿನ ಸಂಸಾರವನ್ನು ಊರಿನವರಿಗಿಂತ ಚೆನ್ನಾಗಿ ಊಹಿಸಬೇಕು.

ಕಂಬಗಳೂ ತಮ್ಮ ಮಟ್ಟಿಗೆ ಮಾತಾಡುತ್ತವೆ. ಕಂಬದ ತಲೆಯ ಮೇಲಿನ ಅಡ್ಡಪಟ್ಟಿ ಯಾವ ದಿಕ್ಕಿಗೆ ಚಾಚಿದೆಯೋ ತಂತಿ ಅದಕ್ಕೆ ಅಡ್ಡಲಾಗಿ ಓಡುತ್ತದೆ. ಒಂದೇ ಕಂಬ ಕಂಡರೂ ಸಾಕು, ಅಡ್ಡಪಟ್ಟಿಯಿಂದ ತಂತಿಯ ದಿಕ್ಕು ಗೊತ್ತಾಗುತ್ತದೆ. ಕಂಬಕ್ಕೆ ಓರೆಯಾಗಿ ನೆಲಕ್ಕೆ ಬಿಗಿದ ಸ್ಟೇ ತಂತಿ ಇದ್ದರೆ ಸಾಲು ಅಲ್ಲಿ ತಿರುಗುತ್ತದೆ, ಇಲ್ಲವೇ ಮುಗಿಯುತ್ತದೆ. ದೊಡ್ಡ ಗೋಪುರಗಳಲ್ಲಿ ಉಳಿದವುಗಳಿಗಿಂತ ದಪ್ಪನಾಗಿ ಕಾಲಗಲಿಸಿ ನಿಂತುದು ಮೂಲೆಯ ಗೋಪುರ. ಸಾಲು ಅಲ್ಲಿ ಬಾಗುತ್ತದೆ. ಗೋಪುರದ ನಾಲ್ಕು ಕಾಲುಗಳ ನಡುವೆ ಟ್ರ್ಯಾಕ್ಟರು ಹೋಗಲಾರದು. ಉತ್ತ ಹೊಲದಲ್ಲಿ ಕಳೆ ಬೆಳೆದ ಚೌಕವೊಂದು ಉಳಿದುಬಿಡುತ್ತದೆ. ಮೇಲಿನಿಂದ ನೋಡುವವನಿಗೆ ಗೋಪುರದ ತೆಳು ಸರಳುಗಳಿಗಿಂತ ಈ ಕಳೆಯ ಚೌಕವೇ ಕೆಲವೊಮ್ಮೆ ಮೊದಲು ಕಾಣಬಹುದು. ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ಕಂಬದ ನೆರಳು ಕಂಬಕ್ಕಿಂತ ಉದ್ದ. ನಡುಹಗಲಿನಲ್ಲಿ ಆ ಸಹಾಯವಿಲ್ಲ. ಇನ್ನೊಂದು ವಿಷಯ: ಗೋಪುರದ ತುತ್ತತುದಿಯಲ್ಲಿ, ವಿದ್ಯುತ್ತು ಹರಿಯುವ ದಪ್ಪ ತಂತಿಗಳಿಗೂ ಮೇಲೆ, ಸಿಡಿಲಿನಿಂದ ಕಾಪಾಡಲು ತೆಳುವಾದ ಬೇರೊಂದು ತಂತಿ ಕಟ್ಟಿರುತ್ತಾರೆ. ದಪ್ಪ ತಂತಿ ಕಂಡಿತು, ಅದರ ಮೇಲಿನಿಂದ ದಾಟಿಬಿಡೋಣ ಎಂದುಕೊಂಡವನನ್ನು ಈ ಕಾಣದ ತಂತಿ ಹಿಡಿಯುತ್ತದೆ.

ಇಷ್ಟೆಲ್ಲವನ್ನೂ ಓದಿ ಮುಗಿಸಬೇಕಾದುದು ಆ ಒಂದು ನಿಮಿಷದ ಮೊದಲರ್ಧದಲ್ಲಿ. ಎರಡನೆಯ ಅರ್ಧ ಓದಲಿಕ್ಕಲ್ಲ, ತಿರುಗಲಿಕ್ಕೆ. ದುಂಡು ಕೊಡೆಯನ್ನು ತಿರುಗಿಸುವುದು ಎತ್ತಿನ ಗಾಡಿಯನ್ನು ಕೆಸರಿನಲ್ಲಿ ತಿರುಗಿಸಿದಂತೆ. ಒಂದು ಪಕ್ಕದ ಪಟ್ಟಿಯನ್ನು ಎದೆಯ ವರೆಗೆ ಎಳೆದು ಹಿಡಿದರೆ ಕೊಡೆ ಆ ಕಡೆಗೆ ನಿಧಾನವಾಗಿ ಜಾರುತ್ತದೆ. ಹೆಚ್ಚು ಎತ್ತರದಿಂದ ಜಿಗಿಯುವ ಪಳಗಿದ ಕೈಗಳು ಬಳಸುವ ಚೌಕ ಕೊಡೆ ಹಾಗಲ್ಲ. ಅದು ರೆಕ್ಕೆಯಂತೆ ಮುಂದಕ್ಕೆ ಹಾರುತ್ತದೆ; ಹೇಳಿದಂತೆ ತಿರುಗುತ್ತದೆ. 1987ರಲ್ಲಿ ಆಗ್ರಾದಲ್ಲಿ ರೂಪುಗೊಂಡ ವಾಯುಪಡೆಯ ಆಕಾಶಗಂಗಾ ತಂಡದವರು ಮೈದಾನದ ನಡುವಿನ ಗುರುತಿನ ಮೇಲೆ ನಿಂತುಕೊಂಡೇ ಇಳಿಯುವುದನ್ನು ಕಂಡವರಿಗೆ ಅದರ ವಿಧೇಯತೆ ಗೊತ್ತು. ಆದರೆ ವಿಧೇಯವಾದ ಕೊಡೆಗೂ ಒಂದು ಕೆಟ್ಟ ಗುಣವಿದೆ. ಜೋರಾಗಿ ತಿರುಗಿಸಿದಾಗ ಅದು ಜೋರಾಗಿ ಕೆಳಗೂ ಬೀಳುತ್ತದೆ. ನೆಲದ ಸಮೀಪದಲ್ಲಿ ತಂತಿಯನ್ನು ಕಂಡು ಗಾಬರಿಯಿಂದ ಒಂದು ಹಿಡಿಯನ್ನು ಪೂರ್ತಿ ಎಳೆದವನು ತಂತಿಯಿಂದ ಪಾರಾಗಿ ನೆಲಕ್ಕೆ ಬಡಿದು ಸಾಯಬಹುದು. ಎತ್ತರದಲ್ಲಿರುವಾಗಲೇ, ಸಂದೇಹ ಬಂದೊಡನೆಯೇ, ಸ್ವಲ್ಪವೇ ತಿರುಗಿದರೆ ಸಾಕು. ಸೊಗಸಾದ ಜಾಗದಲ್ಲಿ ಇಳಿದು ಶಹಭಾಸ್ ಎನಿಸಿಕೊಳ್ಳುವ ಆಸೆಯಿಂದ ತಂತಿಯ ಮೇಲೆ ಹಾದುಹೋಗಲು ಹೊರಡುವುದಕ್ಕಿಂತ ಆಲೂಗಡ್ಡೆಯ ಕೆಸರಿನಲ್ಲಿ ಬಿದ್ದು ಎರಡು ಮೈಲಿ ನಡೆದು ಬರುವುದು ಲೇಸು. ಗೊಬ್ಬರದ ಗುಂಡಿಯಾದರೂ ಚಿಂತೆಯಿಲ್ಲ.

ಎಲ್ಲ ಎಚ್ಚರವೂ ಮೀರಿ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವೆಂಬ ಗಳಿಗೆ ಬಂದರೆ? ಅದಕ್ಕೂ ಪಾಠವಿದೆ. ಕೈಯಲ್ಲಿ ಲೋಹದ ವಸ್ತುವೇನಾದರೂ ಇದ್ದರೆ ಬಿಸುಡಬೇಕು. ಕೊಡೆಯ ವೇಗವನ್ನು ತಗ್ಗಿಸಬೇಕು. ತಂತಿಗೆ ಅಡ್ಡಲಾಗಿ ನುಗ್ಗದೆ ತಂತಿಯ ಉದ್ದಕ್ಕೆ ಸಮನಾಗಿ ಹೋಗಬೇಕು; ಅಡ್ಡಲಾಗಿ ಹೋದರೆ ದೇಹ ಒಂದು ತಂತಿಯನ್ನೂ ಕೊಡೆಯ ಹುರಿಗಳು ಇನ್ನೊಂದನ್ನೂ ಏಕಕಾಲದಲ್ಲಿ ಮುಟ್ಟುವ ಸಂಭವ ಹೆಚ್ಚು. ಕಾಲುಗಳೆರಡೂ ಜೋಡಿಸಿರಬೇಕು, ಕೈಗಳು ಮೈಗೆ ಅಂಟಿರಬೇಕು, ಮುಖ ಪಕ್ಕಕ್ಕೆ ತಿರುಗಿರಬೇಕು. ಬೀಳುವವನ ಕೈ ಸಿಕ್ಕಿದ್ದನ್ನು ಹಿಡಿಯಲು ಚಾಚುತ್ತದೆ, ಅದು ಹುಟ್ಟುಗುಣ. ಅದನ್ನು ಗೆಲ್ಲುವುದೇ ಈ ಪಾಠದ ಕಷ್ಟದ ಭಾಗ.

ತಂತಿಯ ಮೇಲೆ ಗುಬ್ಬಿ ಕೂರುತ್ತದೆ, ಅದಕ್ಕೇನೂ ಆಗುವುದಿಲ್ಲವಲ್ಲ ಎಂದು ಕೇಳುವವರುಂಟು. ಗುಬ್ಬಿ ಒಂದೇ ತಂತಿಯನ್ನು ಮುಟ್ಟಿರುತ್ತದೆ. ವಿದ್ಯುತ್ತು ಅದರ ಮೂಲಕ ಹಾದು ಹೋಗಲು ಇನ್ನೊಂದು ದಾರಿ ಇರುವುದಿಲ್ಲ. ಎರಡನೆಯ ತಂತಿಯನ್ನೋ ಕಂಬವನ್ನೋ ನೆಲವನ್ನೋ ಮುಟ್ಟಿದ ಮರುಕ್ಷಣವೇ ಆ ದಾರಿ ತೆರೆಯುತ್ತದೆ. ಮನುಷ್ಯನು ಗುಬ್ಬಿಗಿಂತ ಉದ್ದ; ಅವನ ಬೆನ್ನ ಹಿಂದೆ ಹತ್ತಾರು ಅಡಿಯ ಹುರಿಗಳು, ಹಾಯಿಯಷ್ಟು ದೊಡ್ಡ ಬಟ್ಟೆ. ಕೊಡೆ ನೈಲಾನಿನದು, ನೈಲಾನಿನಲ್ಲಿ ವಿದ್ಯುತ್ತು ಹರಿಯದು ಎಂಬ ನಂಬಿಕೆಯೂ ಹೆಚ್ಚಿನ ವೋಲ್ಟಿನ ಮುಂದೆ ನಿಲ್ಲುವುದಿಲ್ಲ. ಒದ್ದೆಯಾದರಂತೂ ಕೇಳುವುದೇ ಬೇಡ.

2023ರ ಮೇ ತಿಂಗಳಲ್ಲಿ ಮಲ್ಪುರಾದಲ್ಲಿ ತರಬೇತಿಗೆ ಬಂದಿದ್ದ ನೌಕಾದಳದ ಕಮಾಂಡೋ ಒಬ್ಬರ ಪ್ಯಾರಾಚೂಟು ಹೈಟೆನ್ಷನ್ ತಂತಿಗೆ ಸಿಕ್ಕಿಕೊಂಡು ಅವರು ತೀರಿಕೊಂಡರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಹೊಸಬರಲ್ಲ, ಸಮುದ್ರದಲ್ಲಿಯೂ ಆಕಾಶದಲ್ಲಿಯೂ ಕಾದಲು ಆರಿಸಿ ತೆಗೆದ ದಳದವರು. ಇಂಥ ಸುದ್ದಿಗೆ ಪತ್ರಿಕೆಯಲ್ಲಿ ಸಿಗುವುದು ಒಂದು ಅಂಗುಲದ ಜಾಗ. ಎಲ್ಲಿಯೋ ದೂರದ ಊರಿನ ಒಂದು ಮನೆಗೆ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಹೋಗುತ್ತದೆ. ಮರುದಿನ ಬೆಳಗ್ಗೆ ಆಲೂಗಡ್ಡೆಯ ಹೊಲಕ್ಕೆ ನೀರು ಹಾಯಿಸಲು ಅದೇ ವಿದ್ಯುತ್ತೇ ಬೇಕು. ಇದರಲ್ಲಿ ಯಾರನ್ನು ದೂರೋಣ?

ತಂತಿಯಲ್ಲಿ ನೇತಾಡುವವನು ಬದುಕಿದ್ದರೆ ಅವನು ಮಾಡಬೇಕಾದ ಕೆಲಸ ಒಂದೇ: ಏನನ್ನೂ ಮಾಡದಿರುವುದು. ಅಲುಗಬಾರದು, ಕೊಡೆಯನ್ನು ಕಳಚಿ ಜಿಗಿಯುವ ಸಾಹಸಕ್ಕೆ ಇಳಿಯಬಾರದು, ಕಾದಿರಬೇಕು. ನೆಲದ ಮೇಲಿರುವವರ ಪರೀಕ್ಷೆ ಇದಕ್ಕಿಂತ ಕಠಿಣ. ಗೆಳೆಯನು ಮೇಲೆ ನೇತಾಡುತ್ತಿದ್ದಾನೆ. ಅವನ ಬೂಟು ಕೈಗೆ ಎಟಕುವಂತಿದೆ. ಎಳೆದುಕೊಂಡರೆ ಬಂದಾನು ಎನ್ನಿಸುತ್ತದೆ. ಎಳೆದವನೂ ಸಾಯುತ್ತಾನೆ, ಮೇಲಿನವನೂ ಸಾಯುತ್ತಾನೆ. ಅವನ ದೇಹದಿಂದ ನೆಲಕ್ಕೆ ಇಲ್ಲದಿದ್ದ ದಾರಿಯನ್ನು ಗೆಳೆಯನ ಕೈಯೇ ತೆರೆದುಕೊಡುತ್ತದೆ. ತಂತಿ ಸದ್ದು ಮಾಡುತ್ತಿಲ್ಲ, ಕಿಡಿ ಹಾರಿ ಆರಿಹೋಯಿತು, ಇನ್ನು ಕರೆಂಟು ಹೋಗಿರಬೇಕು ಎಂಬ ಊಹೆಯೂ ಕೂಡದು. ಏನಾದರೂ ತಾಗಿ ಸಾಲು ಕಡಿದುಕೊಂಡಾಗ, ಅದು ಕೊಂಬೆಯೋ ಹಕ್ಕಿಯೋ ಆಗಿರಬಹುದೆಂದು, ತುಸು ಹೊತ್ತಿನಲ್ಲಿ ವಿದ್ಯುತ್ತನ್ನು ಮತ್ತೆ ತಾನಾಗಿಯೇ ಹರಿಸಿ ನೋಡುವ ಯಂತ್ರಗಳು ಅನೇಕ ಸಾಲುಗಳಲ್ಲಿವೆ. ಸತ್ತಂತೆ ಕಂಡ ತಂತಿ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಜೀವ ತಾಳುತ್ತದೆ. ಸಾಲನ್ನು ನಿಲ್ಲಿಸಿದ್ದೇವೆ, ಮತ್ತೆ ಹರಿಸುವುದಿಲ್ಲ ಎಂದು ವಿದ್ಯುತ್ ಇಲಾಖೆಯವರ ಬಾಯಿಂದಲೇ ಮಾತು ಬರುವ ವರೆಗೆ ಯಾರೂ ಹತ್ತಿರ ಸುಳಿಯಬಾರದು. ಆ ಹೊತ್ತಿನಲ್ಲಿ ಊರಿನ ಲೈನ್‌ಮ್ಯಾನ್ ಜನರಲ್ಲಿಗಿಂತ ದೊಡ್ಡವನು.

ದೇಶದ ದೊಡ್ಡ ತಂತಿಗಳು ಬಂದು ಸೇರುವ ಸ್ಥಳಗಳಲ್ಲಿ ಆಗ್ರಾವೂ ಒಂದಾಗಿರುವುದು ವಿಧಿಯ ತಮಾಷೆಯೇ ಇರಬೇಕು. ಅಸ್ಸಾಮಿನ ಬಿಶ್ವನಾಥ ಚಾರಿಆಲಿಯಿಂದ ಹೊರಟು ಬಂಗಾಳದ ಅಲಿಪುರ್‌ದ್ವಾರವನ್ನು ಬಳಸಿ 1728 ಕಿಲೋಮೀಟರು ಸಾಗಿ ಬರುವ ಎಂಟು ಲಕ್ಷ ವೋಲ್ಟಿನ ಸಾಲು ಮುಗಿಯುವುದು ಆಗ್ರಾದಲ್ಲಿ. 2015ರಿಂದ ಹಂತಹಂತವಾಗಿ ಚಾಲನೆಗೆ ಬಂದ ಇದರ ಸಾಮರ್ಥ್ಯ 6000 ಮೆಗಾವಾಟು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 2003ರಲ್ಲಿ ಬಂದ ಐದು ಲಕ್ಷ ವೋಲ್ಟಿನ ಸಾಲಿಗೆ ಇದು ದೊಡ್ಡಣ್ಣನೆನ್ನಬಹುದು. ಒಂದು ನಗರದ ಆಕಾಶದಿಂದ ಯೋಧರು ಇಳಿಯುತ್ತಾರೆ, ಅದೇ ನಗರಕ್ಕೆ ಬ್ರಹ್ಮಪುತ್ರದ ಕಡೆಯ ಬೆಳಕು ತಂತಿ ಹಿಡಿದು ಬರುತ್ತದೆ. ಇಂಥ ದೊಡ್ಡ ಸಾಲುಗಳಿಂದ ಜಿಗಿಯುವವರಿಗೆ ತೊಂದರೆ ಕಡಿಮೆ. ಅವು ಭೂಪಟದಲ್ಲಿವೆ, ಎತ್ತರದ ಗೋಪುರಗಳು ಎದ್ದು ಕಾಣುತ್ತವೆ. ಮೊನ್ನೆ ಮೊನ್ನೆ ಕೊರೆದ ಕೊಳವೆ ಬಾವಿಗೆ ನಿನ್ನೆ ಎಳೆದ ತಂತಿ ಯಾವ ಭೂಪಟದಲ್ಲಿದೆ?

ಮಾಘದ ಮಂಜು ಆಗ್ರಾದ ಬಯಲನ್ನು ಕೆಲವು ದಿನ ಹೊತ್ತೇರಿದರೂ ಬಿಡುವುದಿಲ್ಲ. ಜ್ಯೇಷ್ಠದ ಬಿಸಿಗಾಳಿ ಧೂಳೆಬ್ಬಿಸಿ ಹಗಲನ್ನೇ ಕಂದಾಗಿಸುತ್ತದೆ. ಅಂಥ ದಿನಗಳಲ್ಲಿ ಕಾಯುವುದೇ ಕೆಲಸ. ಹವೆ ತಿಳಿಯಾದ ದಿನ ಶಿಷ್ಯರು ಹಗಲಿನ ಜಿಗಿತಗಳನ್ನು ಮುಗಿಸುತ್ತಾರೆ. ಉಳಿಯುವುದು ರಾತ್ರಿಯದು.

ರಾತ್ರಿ ಕಂಬವೂ ಇಲ್ಲ, ನೆರಳೂ ಇಲ್ಲ, ಕಳೆಯ ಚೌಕವೂ ಇಲ್ಲ. ಆಗ ಹಗಲಿನಲ್ಲಿ ಕಂಡ ನೆಲವನ್ನು ನೆನಪಿನಿಂದ ಓದಬೇಕು. ದೀಪಗಳ ಸಾಲು ಕಂಡರೆ ರಸ್ತೆ. ದೀಪಗಳ ಗುಂಪು ಕಂಡರೆ ಹಳ್ಳಿ. ಹಳ್ಳಿಗೂ ರಸ್ತೆಗೂ ನಡುವೆ ತಂತಿ. ಬೆಳಕು ಇದ್ದಲ್ಲಿ ಅಪಾಯ, ಕತ್ತಲೆ ಇದ್ದಲ್ಲಿ ಆಶ್ರಯ ಎಂದು ಹೊಸಬನ ಮನಸ್ಸು ಸರಳವಾದ ಲೆಕ್ಕವೊಂದನ್ನು ಹಾಕಿಕೊಳ್ಳುತ್ತದೆ. ಆದರೆ ಉತ್ತರ ಭಾರತದ ಹಳ್ಳಿಗಳಲ್ಲಿ ದೀಪ ಆರುವುದೂ ಹೊತ್ತುವುದೂ ಹೊಸತಲ್ಲ. ಜಿಗಿಯುವ ಹೊತ್ತಿಗೆ ಕೆಳಗೆ ಮಿನುಗುತ್ತಿದ್ದ ಊರು ಇಳಿಯುವಷ್ಟರಲ್ಲಿ ಕತ್ತಲಾಗಿರಬಹುದು. ಮನೆಗಳ ದೀಪ ಆರಿದ ಮಾತ್ರಕ್ಕೆ ಊರ ಹೊರಗೆ ಹಾದುಹೋಗುವ 33 ಸಾವಿರ ವೋಲ್ಟಿನ ಸಾಲು ಆರಿದಂತಾಗಲಿಲ್ಲ. ಪಂಪುಗಳಿಗೆ ಕರೆಂಟು ಬಿಡುವ ಸರದಿ ಆಗಲೇ ಶುರುವಾಗಿರಲೂಬಹುದು. ಕೆಳಗೆ ಕತ್ತಲೆಯಲ್ಲಿ ಎಲ್ಲಿಯೋ ಮೋಟಾರು ಓಡುವ ಸದ್ದು, ಕಾಲುವೆಗೆ ನೀರು ಬೀಳುವ ಸದ್ದು. ಕೊಡೆಯ ಕೆಳಗೆ ತೂಗುತ್ತಿರುವವನು ಆ ಸದ್ದು ಯಾವ ದಿಕ್ಕಿನದೆಂದು ಕಿವಿಗೊಟ್ಟು, ಪಟ್ಟಿಯನ್ನು ಎಳೆದು, ಅದರಿಂದ ದೂರ ಸರಿಯುತ್ತಾನೆ.